ಕತ್ತರಿ, ಚೀಟಿ ಮತ್ತು ದಿನಸಿ ಲೆಕ್ಕ



ತಿಂಗಳ ಮೊದಲ ವಾರ ಅಂದರೆ ನಮ್ಮೆಲ್ಲರ ಮನೆಯಲ್ಲೂ ದಿನಸಿ ವಾರ. ನೀವು ಮುಂಬೈಯ ಡೊಂಬಿವಲಿಯಲ್ಲಿರಿ, ಪುಣೆಯ ಕೋಥ್ರೂಡಿನಲ್ಲಿರಿ, ಚೆನ್ನೈನ ಮಾಂಬಲದಲ್ಲಿರಿ, ಹೈದರಾಬಾದಿನ ಕಾಚಿಗುಡದಲ್ಲಿರಿ, ದೆಹಲಿಯ ಕರೋಲ್ ಬಾಗಿನಲ್ಲಿರಿ, ಪಟ್ಟಿ ಮಾತ್ರ ಒಂದೇ. ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ, ಎಣ್ಣೆ, ಬೆಲ್ಲ, ಹುಣಸೆಹಣ್ಣು, ಕಾಫಿಪುಡಿ, ಸೋಪು. ಪಟ್ಟಿ ಹಿಡಿದು ಹೋಗಿ ಚೀಲ ತುಂಬಿಸಿಕೊಂಡು ಬರುವಾಗ ಬಿಲ್ಲಿನ ಜೊತೆ ಇನ್ನೊಂದು ಸಣ್ಣ ಚೀಟಿಯೂ ಕೈಗೆ ಬರುತ್ತದೆ. ಮುಂದಿನ ಸಲ ಇಷ್ಟು ರೂಪಾಯಿ ಸಾಮಾನು ಕೊಂಡರೆ ಇಷ್ಟು ರೂಪಾಯಿ ಕಡಿತ, ಆದರೆ ಇಂಥ ತಾರೀಕಿನೊಳಗೆ ಬರಬೇಕು! ಈಗಂತೂ ಚೀಟಿಯೂ ಬೇಡ, ಮೊಬೈಲಿನಲ್ಲಿ ನಾಲ್ಕಕ್ಷರದ ಕೋಡ್ ಒತ್ತಿದರೆ ಸಾಕು.

ಈ ಚೀಟಿಯನ್ನು ಕಂಡಾಗ ನಿಮಗೆ ಯಾವತ್ತಾದರೂ ಅನ್ನಿಸಿದೆಯೇ, ಇದನ್ನು ಮೊದಲು ಕಂಡುಹಿಡಿದವರು ಯಾರು? ಇದರಲ್ಲಿ ಬಿಟ್ಟುಕೊಡುವ ದುಡ್ಡು ಯಾರ ಜೇಬಿನದು? ನಿಜವಾಗಿ ಉಳಿತಾಯ ಆಗುವುದು ನಮಗೋ, ಅಂಗಡಿಯವನಿಗೋ? ಬನ್ನಿ, ಈ ಸಲ ಈ ಚೀಟಿಯ ಬೆನ್ನು ಹತ್ತಿ ಸುಮಾರು ನೂರ ಎಂಬತ್ತು ವರ್ಷ ಹಿಂದಕ್ಕೆ ಹೋಗಿ ಬರೋಣ. ದಾರಿಯಲ್ಲಿ ನಮ್ಮ ಗದಗ ಸೀಮೆಯೂ ಸಿಗುತ್ತದೆ, ನೀವಿರುವ ಊರುಗಳೂ ಸಿಗುತ್ತವೆ.

ಪುಕ್ಕಟೆ ಒಂದು ಲೋಟ

ಕೂಪನ್ ಎಂಬ ಪದ ಫ್ರೆಂಚ್ ಭಾಷೆಯದು. ಅಲ್ಲಿ 'ಕೂಪೇ' ಅಂದರೆ ಕತ್ತರಿಸು. ಹಿಂದೆ ಸಾಲಪತ್ರಗಳ ಅಂಚಿನಲ್ಲಿ ಬಡ್ಡಿಯ ಚೀಟಿಗಳನ್ನು ಸಾಲಾಗಿ ಅಚ್ಚು ಹಾಕುತ್ತಿದ್ದರು. ವಾಯಿದೆ ಬಂದಾಗ ಒಂದೊಂದನ್ನೇ ಕತ್ತರಿಸಿ ಕೊಟ್ಟು ಬಡ್ಡಿ ಪಡೆಯುವುದು. ಅಂದರೆ ಕೂಪನ್ ಮೊದಲು ಸಾಹುಕಾರರ ಮನೆಯ ವಸ್ತು. ಅದು ಬಡವರ ಚೀಲಕ್ಕೆ ಬಂದದ್ದು ಅಮೆರಿಕದಲ್ಲಿ.

1886ರಲ್ಲಿ ಅಟ್ಲಾಂಟಾ ಎಂಬ ಊರಿನಲ್ಲಿ ಜಾನ್ ಪೆಂಬರ್ಟನ್ ಎಂಬ ಔಷಧಿ ವ್ಯಾಪಾರಿ ಹೊಸದೊಂದು ಪಾನೀಯ ತಯಾರಿಸಿದ. ಒಂದು ಲೋಟಕ್ಕೆ ಐದು ಸೆಂಟ್. ಹೆಸರು ಕೋಕಾ ಕೋಲಾ. ಹೆಸರೇ ಕೇಳದ ಪಾನೀಯಕ್ಕೆ ಯಾರು ದುಡ್ಡು ಕೊಡುತ್ತಾರೆ? ಹಾಗಾಗಿ ಮರುವರ್ಷವೇ, ಅಂದರೆ 1887ರಲ್ಲಿ, ಕಂಪನಿ ಪುಕ್ಕಟೆ ಒಂದು ಲೋಟದ ಚೀಟಿ ಹಂಚಲು ಶುರು ಮಾಡಿತು. ಆಮೇಲೆ ಕಂಪನಿ ಕೊಂಡ ಏಸಾ ಕ್ಯಾಂಡ್ಲರ್ ಇದನ್ನು ದೊಡ್ಡ ಮಟ್ಟಕ್ಕೆ ಒಯ್ದ. ಟಪಾಲಿನಲ್ಲಿ ಚೀಟಿ, ಪತ್ರಿಕೆಯಲ್ಲಿ ಚೀಟಿ! 1894ರಿಂದ 1913ರೊಳಗೆ ಸುಮಾರು 85 ಲಕ್ಷ ಲೋಟ ಪುಕ್ಕಟೆ ಕುಡಿಸಿದರು ಎಂಬ ಲೆಕ್ಕವಿದೆ. ಒಂಬತ್ತು ಜನ ಅಮೆರಿಕನ್ನರಲ್ಲಿ ಒಬ್ಬರಿಗೆ ಒಂದು ಲೋಟ ಸಿಕ್ಕ ಹಾಗೆ.

ಇದರ ಚತುರತೆ ಎಲ್ಲಿದೆ ನೋಡಿ. ಐದು ಸೆಂಟಿನ ಬೆಲೆಯನ್ನು ಅವರು ನಾಲ್ಕಕ್ಕೆ ಇಳಿಸಲಿಲ್ಲ. ಬೆಲೆ ಇದ್ದಲ್ಲೇ ಇತ್ತು. ಒಂದು ಸಲ ರುಚಿ ಹತ್ತಿಸಿದರು, ಅಷ್ಟೆ. ರುಚಿ ಹತ್ತಿದವನು ಎರಡನೆಯ ಲೋಟಕ್ಕೆ ಪೂರ್ತಿ ದುಡ್ಡು ಕೊಟ್ಟೇ ಕುಡಿಯುತ್ತಾನಲ್ಲ!

ದಿನಸಿಗೆ ಈ ಉಪಾಯ ತಂದವನು ಬ್ಯಾಟಲ್ ಕ್ರೀಕ್ ಎಂಬ ಊರಿನ ಸಿ. ಡಬ್ಲ್ಯು. ಪೋಸ್ಟ್. ಬೆಳಗಿನ ತಿಂಡಿಗೆಂದು 1897ರಲ್ಲಿ ಗ್ರೇಪ್ ನಟ್ಸ್ ಎಂಬ ಧಾನ್ಯದ ಪೊಟ್ಟಣ ಹೊರತಂದ. ಆ ಪೊಟ್ಟಣ ಮಾರಲು ಅವನು ಹಂಚಿದ್ದು ಒಂದು ಸೆಂಟ್ ಕಡಿತದ ಚೀಟಿ. ಅಂಗಡಿಗೆ ಚೀಟಿ ಕೊಟ್ಟರೆ ಒಂದು ಸೆಂಟ್ ಕಡಿಮೆ. ಆ ಸೆಂಟನ್ನು ಅಂಗಡಿಯವನಿಗೆ ಕಂಪನಿ ತುಂಬಿಕೊಡುತ್ತದೆ. ಇವತ್ತು ನೀವು ಕಾಣುವ ಎಲ್ಲ ಕಡಿತದ ಚೀಟಿಗಳ ಮುತ್ತಜ್ಜ ಅದೇ.

ಒಂದೇ ಸಾಮಾನಿಗೆ ಎರಡು ಬೆಲೆ

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕಂಪನಿಗೆ ಅಗ್ಗವಾಗಿ ಮಾರಬೇಕೆಂದಿದ್ದರೆ ಬೆಲೆಯನ್ನೇ ಇಳಿಸಬಹುದಿತ್ತಲ್ಲ? ಕಾಗದ, ಅಚ್ಚು, ಟಪಾಲು, ಲೆಕ್ಕ... ಇಷ್ಟೆಲ್ಲ ಯಾಕೆ?

ಉತ್ತರ ಸರಳ. ಕೊಳ್ಳುವವರಲ್ಲಿ ಎರಡು ಬಗೆ. ಒಬ್ಬರು ಹತ್ತು ರೂಪಾಯಿಗಾಗಿ ಹತ್ತು ನಿಮಿಷ ಹುಡುಕುವವರು. ಇನ್ನೊಬ್ಬರು ಕೈಗೆ ಸಿಕ್ಕ ಪೊಟ್ಟಣವನ್ನು ಬುಟ್ಟಿಗೆ ಹಾಕಿ ನಡೆಯುವವರು. ಬೆಲೆ ಇಳಿಸಿದರೆ ಇಬ್ಬರಿಗೂ ಇಳಿಯುತ್ತದೆ. ಚೀಟಿ ಇಟ್ಟರೆ ಮೊದಲನೆಯವರಿಗೆ ಮಾತ್ರ ಇಳಿಯುತ್ತದೆ, ಎರಡನೆಯವರಿಂದ ಪೂರ್ತಿ ಬೆಲೆ ಬರುತ್ತದೆ. ನಮ್ಮ ಸಂತೆಗಳಲ್ಲಿ ಚೌಕಾಸಿ ಮಾಡುತ್ತಿದ್ದುದು ಇದೇ ಕೆಲಸವನ್ನು! ಚೌಕಾಸಿ ಮಾಡಿದವರಿಗೆ ಒಂದು ಬೆಲೆ, ಮಾಡದವರಿಗೆ ಒಂದು ಬೆಲೆ. ಕೂಪನ್ ಅಂದರೆ ಬಾಯಿ ಇಲ್ಲದ ಚೌಕಾಸಿ ಅಂದರೂ ತಪ್ಪಿಲ್ಲ.

ಆದರೆ ಸಂತೆಯ ಚೌಕಾಸಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸಂತೆಯಲ್ಲಿ ಬಾಯಿ ಇದ್ದರೆ ಸಾಕು. ಅಮೆರಿಕದ ಚೀಟಿ ಬರುತ್ತಿದ್ದದ್ದು ಭಾನುವಾರದ ಪತ್ರಿಕೆಯ ಜೊತೆ. ಪತ್ರಿಕೆ ತರಿಸಲು ದುಡ್ಡಿಲ್ಲದವರ ಮನೆಗೆ, ಎರಡು ಪಾಳಿ ದುಡಿದು ಕತ್ತರಿ ಹಿಡಿಯಲು ಪುರಸೊತ್ತಿಲ್ಲದವರ ಕೈಗೆ ಆ ಚೀಟಿ ತಲುಪುವುದು ಕಷ್ಟ. ಯಾರಿಗೆ ಉಳಿತಾಯ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಸಿಗದ ಉಳಿತಾಯ! ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಹಸಿರು ಚೀಟಿಯ ಹುಚ್ಚು

1896ರಲ್ಲಿ ಥಾಮಸ್ ಸ್ಪೆರಿ ಮತ್ತು ಶೆಲ್ಲಿ ಹಚಿನ್ಸನ್ ಎಂಬಿಬ್ಬರು ಇನ್ನೊಂದು ದಾರಿ ಹುಡುಕಿದರು. ಅಂಚೆಚೀಟಿಯ ಹಾಗೆ ಕಾಣುವ ಹಸಿರು ಚೀಟಿಗಳನ್ನು ಅಚ್ಚು ಹಾಕಿ ಅಂಗಡಿಗಳಿಗೆ ಮಾರುವುದು. ಅಂಗಡಿಯವನು ಪ್ರತಿ ಹತ್ತು ಸೆಂಟ್ ವ್ಯಾಪಾರಕ್ಕೆ ಗಿರಾಕಿಗೆ ಒಂದು ಚೀಟಿ ಕೊಡುವುದು. ಮನೆಯಲ್ಲಿ ಅವನ್ನು ಪುಸ್ತಕಕ್ಕೆ ಅಂಟಿಸುವುದು. 1,200 ಚೀಟಿ ಅಂಟಿಸಿದರೆ ಒಂದು ಪುಸ್ತಕ ಭರ್ತಿ. ಇಷ್ಟು ಪುಸ್ತಕ ತುಂಬಿದರೆ ದೀಪ, ಇಷ್ಟು ತುಂಬಿದರೆ ಕಂಬಳಿ, ಇಷ್ಟು ತುಂಬಿದರೆ ಇಸ್ತ್ರಿಪೆಟ್ಟಿಗೆ!

ಎರಡನೆಯ ಮಹಾಯುದ್ಧದ ನಂತರ ಇದು ದೊಡ್ಡ ಹುಚ್ಚಾಯಿತು. 1960ರ ದಶಕದಲ್ಲಿ ಈ ಕಂಪನಿ ಅಮೆರಿಕದ ಅಂಚೆ ಇಲಾಖೆಗಿಂತ ಮೂರು ಪಟ್ಟು ಹೆಚ್ಚು ಚೀಟಿ ಅಚ್ಚು ಹಾಕುತ್ತಿದೆ ಎಂದು ಹೇಳಿಕೊಳ್ಳುತ್ತಿತ್ತು. ಇಂಗ್ಲೆಂಡಿನಲ್ಲಿ ರಿಚರ್ಡ್ ಟಾಂಪ್ಕಿನ್ಸ್ ಎಂಬಾತ 1958ರಲ್ಲಿ ಇದೇ ಮಾದರಿಯ ಗ್ರೀನ್ ಶೀಲ್ಡ್ ಚೀಟಿ ಶುರು ಮಾಡಿದ. ಟೆಸ್ಕೋ ಎಂಬ ಅಂಗಡಿ ಸರಪಳಿ 1963ರಲ್ಲಿ ಅದಕ್ಕೆ ಸೇರಿತು.

ಆದರೆ ಅಂಗಡಿಯವನು ಈ ಚೀಟಿಗಳನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು ಎಂಬುದನ್ನು ಮರೆಯಬೇಡಿ. ಬೀದಿಯಲ್ಲಿ ಒಬ್ಬನೇ ಚೀಟಿ ಕೊಟ್ಟರೆ ಗಿರಾಕಿಗಳೆಲ್ಲ ಅವನ ಕಡೆ. ಎಲ್ಲರೂ ಕೊಡತೊಡಗಿದರೆ? ಗಿರಾಕಿಗಳು ಹಿಂದಿದ್ದ ಹಾಗೇ ಹಂಚಿಹೋಗುತ್ತಾರೆ, ಚೀಟಿಯ ಖರ್ಚು ಮಾತ್ರ ಎಲ್ಲರ ತಲೆಯ ಮೇಲೆ. ಆ ಖರ್ಚು ಹೋಗಿ ಕೂರುವುದು ಸಕ್ಕರೆ, ಬೆಣ್ಣೆಯ ಬೆಲೆಯ ಮೇಲೆಯೇ. ಅಂದರೆ ಪುಕ್ಕಟೆ ಬಂದ ಇಸ್ತ್ರಿಪೆಟ್ಟಿಗೆಗೆ ಮನೆಯಾಕೆ ವರ್ಷವಿಡೀ ಕಂತು ಕಟ್ಟಿದ್ದಳು, ಅವಳಿಗೇ ಗೊತ್ತಿಲ್ಲದ ಹಾಗೆ.

1970ರ ದಶಕದಲ್ಲಿ ಎಣ್ಣೆ ಬೆಲೆ ಏರಿ, ಎಲ್ಲ ಸಾಮಾನೂ ತುಟ್ಟಿಯಾದಾಗ ಜನಕ್ಕೆ ಇಸ್ತ್ರಿಪೆಟ್ಟಿಗೆ ಬೇಡವಾಯಿತು, ಅಗ್ಗದ ಬೆಣ್ಣೆ ಬೇಕಾಯಿತು. 1977ರ ಜೂನ್‌ನಲ್ಲಿ ಟೆಸ್ಕೋ ಚೀಟಿಯನ್ನು ಕಿತ್ತೆಸೆದು ಆ ದುಡ್ಡನ್ನು ಬೆಲೆ ಇಳಿಸಲು ಬಳಸಿತು. ವ್ಯಾಪಾರ ಒಮ್ಮೆಲೇ ಜಿಗಿಯಿತು.

ನಮ್ಮ ರೇಡಿಯೋಗೂ ಇದರಲ್ಲಿ ಪಾಲಿದೆ!

ರೇಡಿಯೋ ಪತ್ರದಲ್ಲಿ ರೇಡಿಯೋ ಸುದ್ದಿ ಇಲ್ಲದಿದ್ದರೆ ಹೇಗೆ? 1933ರಲ್ಲಿ ಅಮೆರಿಕದಲ್ಲಿ 'ಮಾ ಪರ್ಕಿನ್ಸ್' ಎಂಬ ರೇಡಿಯೋ ಧಾರಾವಾಹಿ ಶುರುವಾಯಿತು. ಪ್ರಾಯೋಜಕರು ಆಕ್ಸಿಡಾಲ್ ಎಂಬ ಬಟ್ಟೆ ಸೋಪಿನವರು. ಸೋಪಿನವರ ಕಥೆ ಆದ್ದರಿಂದಲೇ ಇಂಥ ಧಾರಾವಾಹಿಗಳಿಗೆ 'ಸೋಪ್ ಒಪೆರಾ' ಎಂಬ ಹೆಸರು ಬಂತು. ಸೋಪಿನ ಪೊಟ್ಟಣದ ಮೇಲ್ಭಾಗ ಕತ್ತರಿಸಿ, ಚಿಲ್ಲರೆ ಕಾಸಿನ ಜೊತೆ ಕಳಿಸಿದರೆ ಮನೆಗೆ ಉಡುಗೊರೆ ಬರುತ್ತಿತ್ತು. ಮಕ್ಕಳಿಗೆ ಓವಲ್ಟೀನ್ ಪ್ರಾಯೋಜಿಸಿದ ಧಾರಾವಾಹಿ ಇತ್ತು. ಓವಲ್ಟೀನ್ ಡಬ್ಬಿಯ ಮುದ್ರೆ ಕಳಿಸಿದವರಿಗೆ ಗುಪ್ತ ಸಂದೇಶ ಬಿಡಿಸುವ ಬಿಲ್ಲೆ!

ಇದರಿಂದ ಕಂಪನಿಗೆ ಏನು ಲಾಭ? ಗಾಳಿಯಲ್ಲಿ ತೇಲಿಹೋಗುವ ದನಿಯನ್ನು ಎಷ್ಟು ಜನ ಕೇಳಿದರು, ಎಲ್ಲಿಂದ ಕೇಳಿದರು ಎಂದು ಆಗ ತಿಳಿಯುವುದು ಸುಲಭವಿರಲಿಲ್ಲ. ಬಂದ ಲಕೋಟೆಗಳನ್ನು ಎಣಿಸಿದರೆ ಲೆಕ್ಕ ಸಿಗುತ್ತಿತ್ತು. ಚೀಟಿ ಅಂದರೆ ಕಡಿತ ಮಾತ್ರವಲ್ಲ, ಗಿರಾಕಿಯ ವಿಳಾಸ ಕೂಡ.

ನಮ್ಮಲ್ಲಿ ರೇಡಿಯೋ ಸಿಲೋನ್ ಅಂದರೆ ಹಿರಿಯರ ಕಿವಿ ನೆಟ್ಟಗಾಗುತ್ತದೆ. 1952ರಲ್ಲಿ ಶುರುವಾದ ಬಿನಾಕಾ ಗೀತಮಾಲಾ, ಅಮೀನ್ ಸಯಾನಿಯವರ ದನಿ! ಆ ಬಿನಾಕಾ ಟೂತ್‌ಪೇಸ್ಟಿನ ಪೊಟ್ಟಣದೊಳಗೆ ಬರುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಪ್ರಾಣಿಗಳನ್ನು ನಿಮ್ಮಲ್ಲಿ ಎಷ್ಟು ಜನ ಕೂಡಿಟ್ಟಿದ್ದೀರಿ? ಒಂದು ಆನೆಗಾಗಿ ಮನೆಮಂದಿಯೆಲ್ಲ ಹಲ್ಲುಜ್ಜಿ ಹಲ್ಲುಜ್ಜಿ ಪೇಸ್ಟ್ ಖಾಲಿ ಮಾಡಿದ ಕಾಲ ಅದು!

ಹಕ್ಕಿನ ಚೀಟಿ

ಇದುವರೆಗೆ ಹೇಳಿದ್ದು ವ್ಯಾಪಾರಿಯ ಚೀಟಿ. ಇನ್ನೊಂದು ಚೀಟಿಯ ಕಥೆ ಬೇರೆ. ಅದರ ಹೆಸರು ರೇಷನ್.

1940ರ ಜನವರಿ 8ರಂದು ಇಂಗ್ಲೆಂಡಿನಲ್ಲಿ ಹಂದಿಮಾಂಸ, ಬೆಣ್ಣೆ, ಸಕ್ಕರೆಗೆ ರೇಷನ್ ಬಂತು. ಪ್ರತಿಯೊಬ್ಬರಿಗೂ ಕೂಪನ್ ಪುಸ್ತಕ. ದುಡ್ಡಿದ್ದರೂ ಕೂಪನ್ ಇಲ್ಲದೆ ಸಾಮಾನಿಲ್ಲ. ಯುದ್ಧ ಮುಗಿದ ಮೇಲೂ ಅದು ಮುಂದುವರಿದು, ಮುಗಿದದ್ದು 1954ರ ಜುಲೈ 4ರಂದು.

ನಮ್ಮಲ್ಲಿ 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ. ಲಕ್ಷಗಟ್ಟಲೆ ಜನ ಸತ್ತರು. ಅದೇ ವರ್ಷ ಮುಂಬೈ ನಗರದಲ್ಲಿ ರೇಷನ್ ಶುರುವಾಯಿತು. ಗಿರಣಿಯಲ್ಲಿ ದುಡಿಯುವವನಿಗೂ ಮಲಬಾರ್ ಹಿಲ್‌ನ ಬಂಗಲೆಯವರಿಗೂ ಕಾರ್ಡು. ಆ ದಿನಗಳಲ್ಲಿ ದಕ್ಷಿಣ ಕನ್ನಡದಿಂದ, ಉತ್ತರ ಕರ್ನಾಟಕದಿಂದ ಮುಂಬೈಗೆ ಬಂದು ಹೋಟೆಲಿನಲ್ಲಿ, ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮವರ ಊಟವೂ ಈ ಕಾರ್ಡಿನ ಲೆಕ್ಕದಲ್ಲೇ ನಡೆಯಿತು.

ಈ ಚೀಟಿಗೂ ಪೋಸ್ಟ್ ಸಾಹೇಬನ ಚೀಟಿಗೂ ಇರುವ ಅಂತರ ನೋಡಿ. ಅದು 'ಇನ್ನಷ್ಟು ಕೊಳ್ಳಿ' ಅನ್ನುತ್ತದೆ. ಇದು 'ಇಷ್ಟೇ ಕೊಳ್ಳಿ, ಆದರೆ ಇಷ್ಟು ನಿಮಗೆ ಸಿಕ್ಕೇ ಸಿಗುತ್ತದೆ' ಅನ್ನುತ್ತದೆ. ಒಂದು ಆಮಿಷ, ಇನ್ನೊಂದು ಹಕ್ಕು. ಹಕ್ಕು ಎಂದ ಮಾತ್ರಕ್ಕೆ ಎಲ್ಲ ಸುಗಮ ಅಂತಲ್ಲ. ಕ್ಯೂ, ಕಲ್ಲುಸೇರಿದ ಅಕ್ಕಿ, ಕಾಳಸಂತೆ ಎಲ್ಲವೂ ಇದ್ದವು. 1947ರ ಕೊನೆಗೆ ನಿಯಂತ್ರಣ ಸಡಿಲಿಸಿದರು, ಬೆಲೆ ಏರಿದ್ದರಿಂದ 1948ರಲ್ಲಿ ಮತ್ತೆ ಹೇರಿದರು. ಕೊನೆಗೆ 1954ರಲ್ಲಿ ಆಹಾರ ಮಂತ್ರಿ ರಫಿ ಅಹಮದ್ ಕಿದ್ವಾಯಿಯವರ ಕಾಲದಲ್ಲಿ ಅದು ನಿಂತಿತು. ಆದರೆ ನ್ಯಾಯಬೆಲೆ ಅಂಗಡಿ ಹೋಗಲಿಲ್ಲ, ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬಂತು. 2013ರ ಆಹಾರ ಭದ್ರತಾ ಕಾಯಿದೆ ಅದನ್ನು ಕಾನೂನಿನ ಹಕ್ಕಾಗಿಸಿತು.

28 ಜನ, 28 ಪೌಂಡ್

ಮೂರನೆಯ ದಾರಿಯೊಂದಿದೆ. ಅದರಲ್ಲಿ ವ್ಯಾಪಾರಿಯ ಆಮಿಷವೂ ಇಲ್ಲ, ಸರ್ಕಾರದ ಕಾರ್ಡೂ ಇಲ್ಲ. ಗಿರಾಕಿಗಳೇ ಸೇರಿ ಅಂಗಡಿ ತೆರೆಯುವುದು!

ಇಂಗ್ಲೆಂಡಿನ ರಾಚ್‌ಡೇಲ್ ಎಂಬ ನೇಯ್ಗೆಯ ಊರು. ಕೂಲಿ ಕಡಿಮೆ, ಅಂಗಡಿಯ ಉದ್ರಿ ಹೆಚ್ಚು. ಸಿಗುವ ಹಿಟ್ಟಿನಲ್ಲಿ ಕಲಬೆರಕೆ. 28 ಜನ ಕೂಡಿ ತಲಾ ಒಂದು ಪೌಂಡಿನ ಲೆಕ್ಕದಲ್ಲಿ ಬಂಡವಾಳ ಹೂಡಿದರು. 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದರು. ಮೊದಲ ದಿನ ಇದ್ದದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಒಂದಿಷ್ಟು ಮೇಣದಬತ್ತಿ.

ಅವರ ನಿಯಮ ಸ್ವಾರಸ್ಯವಾಗಿತ್ತು. ಉದ್ರಿ ಇಲ್ಲ. ಕಲಬೆರಕೆ ಇಲ್ಲ. ಮಾರುವುದು ಪೇಟೆ ಬೆಲೆಗೇ. ಆದರೆ ಮೂರು ತಿಂಗಳಿಗೊಮ್ಮೆ ಲಾಭ ಎಣಿಸಿ, ಯಾರು ಎಷ್ಟು ಸಾಮಾನು ಕೊಂಡಿದ್ದಾರೋ ಆ ಪ್ರಮಾಣದಲ್ಲಿ ಹಿಂದಕ್ಕೆ ಕೊಡುವುದು. ಇಲ್ಲೂ ಒಂದು ಚೀಟಿ ಇತ್ತು ಗೊತ್ತೇ? ಇಂಥ ಸಂಘಗಳಲ್ಲಿ ಪ್ರತಿ ಖರೀದಿಗೂ ತಗಡಿನ ಬಿಲ್ಲೆಯನ್ನೋ ಚೀಟಿಯನ್ನೋ ಕೊಡುತ್ತಿದ್ದರು. ಅದನ್ನು ಕೂಡಿಟ್ಟು ಲಾಭಾಂಶ ಪಡೆಯುವುದು. ಹಸಿರು ಚೀಟಿ ಬರುವುದಕ್ಕೆ ಅರ್ಧ ಶತಮಾನ ಮೊದಲೇ! ಆದರೆ ಇಲ್ಲಿ ನಡುವೆ ಚೀಟಿ ಮಾರುವ ಕಂಪನಿ ಇರಲಿಲ್ಲ. ಹೋದ ದುಡ್ಡು ಹೋದವರಿಗೇ ಬಂತು.

ಈ ಗಾಳಿ ನಮ್ಮ ದೇಶಕ್ಕೂ ಬೀಸಿತು. 1904ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಟ್ರಿಪ್ಲಿಕೇನ್ ನಗರ ಸಹಕಾರ ಸಂಘ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಅಲ್ಲಿನ ಹಿಂದೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳೂ ಒಬ್ಬರು. ಚೆನ್ನೈ ಮಿತ್ರರೇ, ಟಿಯುಸಿಎಸ್ ಎಂಬ ಫಲಕ ನೋಡಿದ್ದೀರಲ್ಲ, ಅದೇ ಇದು! ಮರುವರ್ಷ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದು ದಿನಸಿಯ ಸಂಘವಲ್ಲ, ಸಾಲದ ಸಂಘ. ಆದರೆ ಒಬ್ಬನಿಂದಾಗದ್ದು ಹತ್ತು ಜನರಿಂದಾಗುತ್ತದೆ ಎಂಬ ಪಾಠ ಒಂದೇ. ಗದಗ ಆಗ ಮುಂಬೈ ಪ್ರಾಂತ್ಯದಲ್ಲಿತ್ತು ಎಂಬುದು ಮುಂಬೈ ಕನ್ನಡಿಗರಿಗೆ ನೆನಪಿರಲಿ.

1948ರಲ್ಲಿ ಮುಂಬೈಯ ನಾಯಗಾಂವ್‌ನಲ್ಲಿ ಕಾರ್ಮಿಕರು ಸೇರಿ ಗ್ರಾಹಕರ ಸಹಕಾರ ಸಂಘ ಕಟ್ಟಿದರು. ಮುಂದೆ ಅದೇ 'ಅಪ್ನಾ ಬಜಾರ್' ಎಂದು ಮನೆಮಾತಾಯಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಗಿ, ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು 7 ರೂಪಾಯಿ 50 ಪೈಸೆಯಾಯಿತು. ಬೆಲೆ ಏರುವ ಭಯ. ಮರುತಿಂಗಳೇ ದೆಹಲಿಯಲ್ಲಿ ಸೂಪರ್ ಬಜಾರ್ ತೆರೆಯಿತು. 1975ರಲ್ಲಿ ಮುಂಬೈ ಗ್ರಾಹಕ ಪಂಚಾಯತ್ ಶುರುವಾಗಿ ಇನ್ನೂ ಸರಳ ದಾರಿ ಹಿಡಿಯಿತು. ಅಂಗಡಿಯೇ ಬೇಡ! ನೆರೆಹೊರೆಯ ಮನೆಗಳು ಗುಂಪು ಕಟ್ಟಿಕೊಂಡು ತಿಂಗಳ ಪಟ್ಟಿ ಕೊಡುವುದು, ಸಗಟಿನಲ್ಲಿ ತರಿಸುವುದು, ತಾವೇ ಹಂಚಿಕೊಳ್ಳುವುದು. ಮಳಿಗೆ ಬಾಡಿಗೆ ಇಲ್ಲ, ಜಾಹೀರಾತಿನ ಖರ್ಚಿಲ್ಲ.

ಎಲ್ಲ ಸಹಕಾರವೂ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ದೆಹಲಿಯ ಸೂಪರ್ ಬಜಾರ್ 2002ರಲ್ಲಿ ಬಾಗಿಲು ಹಾಕಿತು. ಸದಸ್ಯರು ಬಂದು ಲೆಕ್ಕ ಕೇಳುವಷ್ಟು ದಿನ ಸಂಘ ಬದುಕುತ್ತದೆ. ಕೇಳುವುದನ್ನು ಬಿಟ್ಟ ದಿನ ಅದು ಇನ್ನೊಂದು ಕಚೇರಿಯಾಗುತ್ತದೆ.

ಚೀಟಿ ನಿಲ್ಲಿಸಿದಾಗ ಏನಾಯಿತು?

ಮತ್ತೆ ಅಮೆರಿಕಕ್ಕೆ ಹೋಗೋಣ, ಇದು ಈ ಕಥೆಯ ಅತಿ ಸ್ವಾರಸ್ಯದ ಭಾಗ. 1990ರ ದಶಕದ ಹೊತ್ತಿಗೆ ಅಲ್ಲಿ ಕೂಪನ್ ಪ್ರಳಯ. 1992ರಲ್ಲಿ ಸುಮಾರು 31,000 ಕೋಟಿ ಚೀಟಿ ಹಂಚಿದರು. ಜನ ಬಳಸಿದ್ದು ನೂರಕ್ಕೆ ಎರಡೋ ಮೂರೋ. ಉಳಿದದ್ದೆಲ್ಲ ಕಸದ ಬುಟ್ಟಿಗೆ.

ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎಂಬ ದೊಡ್ಡ ಕಂಪನಿ ಯೋಚಿಸಿತು. ಇಷ್ಟು ಕಾಗದ ಹಾಳು ಮಾಡುವ ಬದಲು ಬೆಲೆಯನ್ನೇ ಇಳಿಸಿದರೆ? 1996ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ, ರಾಚೆಸ್ಟರ್, ಸಿರಾಕ್ಯೂಸ್ ಊರುಗಳಲ್ಲಿ ಚೀಟಿ ನಿಲ್ಲಿಸಿಬಿಟ್ಟಿತು. ಲೆಕ್ಕದ ಪ್ರಕಾರ ಎಲ್ಲರೂ ಸಂತೋಷಪಡಬೇಕಿತ್ತು ಅಲ್ಲವೇ?

ಆದದ್ದು ಉಲ್ಟಾ! ಜನ ಬೀದಿಗಿಳಿದು ಪ್ರತಿಭಟಿಸಿದರು. ನಮ್ಮ ಚೀಟಿ ನಮಗೆ ಕೊಡಿ ಅಂದರು. ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಚೀಟಿ ನಿಲ್ಲಿಸಿವೆ ಎಂಬ ಆರೋಪದ ಮೇಲೆ ರಾಜ್ಯದ ಅಟಾರ್ನಿ ಜನರಲ್ ತನಿಖೆಗೆ ಇಳಿದರು. 1997ರಲ್ಲಿ ಪ್ರಯೋಗ ಕೈಬಿಟ್ಟರು. ಆ ಪ್ರಕರಣದಲ್ಲಿ ಕಂಪನಿಗಳು, ಒಂದು ಅಂಗಡಿ ಸರಪಳಿ ಸೇರಿ 42 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡವು. ಆ ಪರಿಹಾರ ಯಾವ ರೂಪದಲ್ಲಿ ಕೊಟ್ಟರು ಗೊತ್ತೇ? ಕೂಪನ್ ರೂಪದಲ್ಲಿ!

ಜನ ದಡ್ಡರು ಅಂತ ನಗಬೇಡಿ. ಬೆಲೆ ಇಳಿಸಿದ್ದೇವೆ ಎಂಬುದು ಕಂಪನಿಯ ಮಾತು. ನಾಳೆ ಮೆಲ್ಲಗೆ ಏರಿಸಿದರೆ ಕೇಳುವವರಾರು? ಆದರೆ ಚೀಟಿ ಕೈಯಲ್ಲಿರುತ್ತದೆ. ಕಣ್ಣಿಗೆ ಕಾಣುತ್ತದೆ. ತಾನೇ ಕತ್ತರಿಸಿ, ತಾನೇ ಜೋಡಿಸಿ, ತಾನೇ ಉಳಿಸಿದ ದುಡ್ಡು ಅದು. ಕಡಿಮೆ ಸಂಬಳದಲ್ಲಿ ಮನೆ ತೂಗಿಸುವ ಗೃಹಿಣಿಗೆ ಆ ಚೀಟಿಯ ಡಬ್ಬಿ ಅವಳ ದುಡಿಮೆಯ ಪುರಾವೆಯಾಗಿತ್ತು. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುವ ನಮ್ಮ ಅಜ್ಜಿಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಕಾಗದ ಹೋಯಿತು, ಕಾರ್ಡ್ ಬಂತು

ಚೀಟಿಯನ್ನು 1977ರಲ್ಲಿ ಕಿತ್ತೆಸೆದ ಟೆಸ್ಕೋ 1995ರ ಫೆಬ್ರವರಿಯಲ್ಲಿ ಇನ್ನೊಂದು ವೇಷದಲ್ಲಿ ಅದನ್ನೇ ತಂದಿತು. ಹೆಸರು ಕ್ಲಬ್‌ಕಾರ್ಡ್. ಪ್ರತಿ ಖರೀದಿಗೂ ಪಾಯಿಂಟ್, ಪಾಯಿಂಟ್ ಕೂಡಿದರೆ ಮನೆಗೆ ಕೂಪನ್. ಹಸಿರು ಚೀಟಿಯಲ್ಲಿ ಇಲ್ಲದ್ದು ಇದರಲ್ಲಿ ಒಂದಿತ್ತು. ಯಾರು, ಯಾವ ದಿನ, ಏನು ಕೊಂಡರು ಎಂಬ ಪೂರ್ತಿ ಲೆಕ್ಕ ಕಂಪ್ಯೂಟರಿನಲ್ಲಿ! ಮಗುವಿನ ಡಯಾಪರ್ ಕೊಂಡವರಿಗೆ ಮಗುವಿನ ಆಹಾರದ ಕೂಪನ್. ಹಿಂದೆ ಉದ್ರಿ ಪುಸ್ತಕದಲ್ಲಿ ಬೀದಿಯ ಮೂಲೆಯ ಶೆಟ್ಟರು ನಮ್ಮ ಮನೆಯ ರುಚಿಯನ್ನೆಲ್ಲ ಬಲ್ಲವರಾಗಿದ್ದರಲ್ಲ, ಹಾಗೆ. ಆದರೆ ಶೆಟ್ಟರು ಕಷ್ಟಕಾಲಕ್ಕೆ ಉದ್ರಿ ಕೊಡುತ್ತಿದ್ದರು, ಕಂಪ್ಯೂಟರ್ ಕೊಡುವುದಿಲ್ಲ.

ನಮ್ಮ ನಗರಗಳಲ್ಲಿ ಈ ನಡುವೆ ಇನ್ನೊಂದು ಚೀಟಿ ಓಡಾಡಿತು. ಕಂಪನಿಗಳು ನೌಕರರಿಗೆ ಕೊಡುತ್ತಿದ್ದ ಊಟದ ಕೂಪನ್. 2000ದ ದಶಕದಲ್ಲಿ ಪುಣೆ, ಹೈದರಾಬಾದ್, ಚೆನ್ನೈ, ಬೆಂಗಳೂರಿನ ಐಟಿ ಮಂದಿಯ ಕೈಯಲ್ಲೆಲ್ಲ ಸೊಡೆಕ್ಸೋ ಕಂತೆ! ಒಂದು ಊಟಕ್ಕೆ 50 ರೂಪಾಯಿವರೆಗೆ ಆದಾಯ ತೆರಿಗೆ ಇರಲಿಲ್ಲ ಎಂಬುದೇ ಅದರ ಗುಟ್ಟು. ಊಟದ ಹೆಸರಿನಲ್ಲಿ ಬಂದ ಕೂಪನ್ ದಿನಸಿ ಅಂಗಡಿಯಲ್ಲಿ ಅಕ್ಕಿಯಾಗಿ, ಬೇಳೆಯಾಗಿ ಮನೆ ಸೇರುತ್ತಿತ್ತು. 2017ರ ಕೊನೆಗೆ ಕಾಗದದ ಕೂಪನ್ ನಿಲ್ಲಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಅದೂ ಕಾರ್ಡಾಯಿತು.

ಈಗ ಹೇಳಿ, ಲಾಭ ಯಾರಿಗೆ?

ಇಷ್ಟು ದೂರ ಬಂದ ಮೇಲೆ ನಿಮ್ಮ ಚೀಲಕ್ಕೆ ಏನಾದರೂ ಹಾಕಿ ಕಳಿಸಬೇಕಲ್ಲ! ಇತಿಹಾಸ ಹೇಳುವ ನಾಲ್ಕು ಮಾತು ಇಲ್ಲಿವೆ.

ಮೊದಲನೆಯದು, ಚೀಟಿ ನೋಡಿ ಪಟ್ಟಿ ಬರೆಯಬೇಡಿ, ಪಟ್ಟಿ ಬರೆದು ಚೀಟಿ ಹುಡುಕಿ. ಬೇಕಿಲ್ಲದ 200 ರೂಪಾಯಿ ಸಾಮಾನಿನ ಮೇಲೆ 50 ರೂಪಾಯಿ ಕಡಿತ ಸಿಕ್ಕರೆ ಉಳಿದದ್ದು 50 ಅಲ್ಲ, ಹೋದದ್ದು 150. ಕೋಕಾ ಕೋಲಾದ ಮೊದಲ ಲೋಟದ ಪಾಠ ಇದೇ.

ಎರಡನೆಯದು, ಕಡಿತ ಎಷ್ಟು ಎಂದು ನೋಡಬೇಡಿ, ಕೊನೆಗೆ ಕಿಲೋಗೆ ಎಷ್ಟು ಬಿತ್ತು ಎಂದು ನೋಡಿ. ನಮ್ಮಲ್ಲಿ 1990ರಿಂದ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಅದೇ ಎಂಆರ್‌ಪಿ, ಅಚ್ಚು ಹಾಕಬೇಕೆಂಬ ನಿಯಮ ಬಂತು. ಅದು ಮೇಲಿನ ಮಿತಿ. ಅದಕ್ಕಿಂತ ಕಡಿಮೆಗೆ ಮಾರಲು ಅಂಗಡಿಯವನಿಗೆ ಯಾರ ಅಡ್ಡಿಯೂ ಇಲ್ಲ. ಹಾಗಾಗಿ ಎಂಆರ್‌ಪಿ ಮೇಲೆ 20 ರೂಪಾಯಿ ಕಡಿತ ಕೊಡುವ ದೊಡ್ಡ ಅಂಗಡಿಗಿಂತ ಚೀಟಿಯೇ ಇಲ್ಲದೆ 25 ರೂಪಾಯಿ ಬಿಡುವ ಮೂಲೆಯ ಅಂಗಡಿಯೇ ಅಗ್ಗವಾಗಬಹುದು. ಅರ್ಧ ಕಿಲೋ ಪೊಟ್ಟಣ 450 ಗ್ರಾಂ ಆಗಿದೆಯೋ ಎಂದೂ ಒಮ್ಮೆ ತಿರುಗಿಸಿ ನೋಡಿ.

ಮೂರನೆಯದು, ಒಬ್ಬರೇ ಹೋಗಬೇಡಿ. ರಾಚ್‌ಡೇಲಿನ 28 ಜನ, ಮುಂಬೈಯ ನೆರೆಹೊರೆಯ ಗುಂಪುಗಳು ಮಾಡಿದ್ದನ್ನು ನಿಮ್ಮ ಸೊಸೈಟಿಯ ನಾಲ್ಕು ಮನೆಯವರೂ ಮಾಡಬಹುದು. 25 ಕಿಲೋ ಅಕ್ಕಿ ಮೂಟೆ, 15 ಕಿಲೋ ಎಣ್ಣೆ ಡಬ್ಬ ಸಗಟು ಪೇಟೆಯಿಂದ ತಂದು ಹಂಚಿಕೊಳ್ಳಿ. ಕನ್ನಡ ಸಂಘದ ಸಭೆಯಲ್ಲಿ ಹಾಡು, ನಾಟಕದ ಜೊತೆ ಈ ಮಾತೂ ಬರಲಿ. ಊರಿನ ಬ್ಯಾಡಗಿ ಮೆಣಸಿನಕಾಯಿ, ಜೋಳ, ಕುಚ್ಚಲಕ್ಕಿ ಬೇಕಾದರಂತೂ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ನಾಲ್ಕನೆಯದು ನಮ್ಮ ಮನೆಯ ಚೀಲದಾಚೆಯದು. ನೆನಪಿದೆಯೇ, ಚೀಟಿ ಎಲ್ಲರಿಗಿಂತ ಹೆಚ್ಚು ಬೇಕಾದವರಿಗೇ ತಲುಪುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಈಗ ಪತ್ರಿಕೆಯ ಬದಲು ಸ್ಮಾರ್ಟ್‌ಫೋನ್ ಬಂದಿದೆ, ಅಷ್ಟೆ. ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಮುಂಬೈ, ಪುಣೆ, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಬಂದ ನಮ್ಮವರ ಹತ್ತಿರ ಆ್ಯಪ್ ಕೂಪನ್ ಇರಲಿಕ್ಕಿಲ್ಲ. ಆದರೆ ಊರಿನ ಪಡಿತರ ಚೀಟಿ ಇರಬಹುದು. ಹಿಂದೆ ಊರು ಬಿಟ್ಟರೆ ಆ ಚೀಟಿಗೆ ಬೆಲೆ ಇರಲಿಲ್ಲ. 2019ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2022ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಿಗೂ ಬಂದ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಆಹಾರ ಭದ್ರತಾ ಕಾಯಿದೆಯ ಕಾರ್ಡು ಇದ್ದವರು ತಾವಿರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯ ಪಡೆಯಬಹುದು. ಆಧಾರ್ ಜೋಡಣೆಯಾಗಿರಬೇಕು, ಬೆರಳಚ್ಚು ಹೊಂದಬೇಕು. ಮನೆಯವರು ಊರಿನಲ್ಲಿದ್ದರೆ ಪಾಲು ಹಂಚಿಕೊಂಡು ಸ್ವಲ್ಪ ಇಲ್ಲಿ, ಸ್ವಲ್ಪ ಅಲ್ಲಿ ಪಡೆಯಲೂ ಬರುತ್ತದೆ. ಕೇಂದ್ರದ ಪಾಲು ಮಾತ್ರ ಹೀಗೆ ಸಿಗುತ್ತದೆ, ರಾಜ್ಯ ಸರ್ಕಾರ ತನ್ನ ಕಡೆಯಿಂದ ಕೊಡುವ ಹೆಚ್ಚಿನದು ಇದರಲ್ಲಿ ಬರುವುದಿಲ್ಲ.

ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಗೊತ್ತಿದ್ದರೂ ಅಂಗಡಿಯವನು ಮರಾಠಿಯಲ್ಲೋ ತೆಲುಗಿನಲ್ಲೋ 'ನಿಮ್ಮ ಕಾರ್ಡು ಇಲ್ಲಿ ನಡೆಯಲ್ಲ' ಅಂದರೆ ಸುಮ್ಮನೆ ವಾಪಸು ಬರುತ್ತಾರೆ. ನಿಮ್ಮ ಕಟ್ಟಡದ ಕಾವಲುಗಾರ, ಮನೆಗೆಲಸಕ್ಕೆ ಬರುವ ಅಕ್ಕ, ಪಕ್ಕದ ಸೈಟಿನ ಗಾರೆ ಕೆಲಸದವರು ಕನ್ನಡದವರಾಗಿದ್ದರೆ ಒಂದು ಮಾತು ಕೇಳಿ ನೋಡಿ. ಸ್ಥಳೀಯ ಭಾಷೆ ಬಲ್ಲ ನೀವು ಒಂದು ದಿನ ಅವರ ಜೊತೆ ಅಂಗಡಿಗೆ ಹೋಗಿ ಬಂದರೆ ಒಬ್ಬೊಬ್ಬರಿಗೆ ತಿಂಗಳಿಗೆ ಐದು ಕಿಲೋ ಧಾನ್ಯ. ನಿಮ್ಮ ಮೊಬೈಲಿಗೆ ಬರುವ ಯಾವ ಕೋಡಿನಲ್ಲೂ ಅಷ್ಟು ದೊಡ್ಡ ಉಳಿತಾಯ ಇರಲಿಕ್ಕಿಲ್ಲ.

ನಿಮ್ಮ ಮನೆಯಲ್ಲಿ ಹಳೆಯ ರೇಷನ್ ಕಾರ್ಡು, ಸಹಕಾರಿ ಭಂಡಾರದ ಷೇರು ಚೀಟಿ, ಸೊಸೈಟಿಯವರೆಲ್ಲ ಸೇರಿ ದಿನಸಿ ತರಿಸಿದ ನೆನಪು ಏನಾದರೂ ಇದ್ದರೆ ಬರೆದು ಕಳಿಸಿ. ಕನ್ನಡ ಕಾರ್ಯಕ್ರಮದಲ್ಲಿ ಓದೋಣ, ನಾಲ್ಕು ಜನರಿಗೆ ದಾರಿಯಾದೀತು. ಅಲ್ಲಿಯವರೆಗೆ ಪಟ್ಟಿ ಬರೆಯಿರಿ, ತೂಕ ನೋಡಿ, ಕಿವಿ ಮಾತ್ರ ನಮ್ಮ ಕಡೆ ಇರಲಿ!